ಅಂಗಳ ಎತ್ತರಿಸುವ ಮುನ್ನ ಮರದ ಬುಡ ನೋಡಿ

ಮುಂಬಯಿಯಲ್ಲಿ ಪ್ರತಿ ರಿಪೇರಿಗೂ ರಸ್ತೆ ಒಂದಿಷ್ಟು ಮೇಲೇಳುತ್ತದೆ, ಹಳೆಯ ಸೊಸೈಟಿಗಳು ಅಷ್ಟಷ್ಟೇ ತಗ್ಗಾಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆ ಕಂಡವರಿಗೆ ನೆಲಮಹಡಿಯವರ ಭಯ ವಿವರಿಸಬೇಕಿಲ್ಲ. ಹಾಗಾಗಿ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ: ಎರಡಡಿ ಮಣ್ಣು ತುಂಬಿಸಿ ಪೇವರ್ ಬ್ಲಾಕ್ ಹಾಕಿಸೋಣ. ಅಂಗಳದ ಮಾವು, ಗುಲ್‌ಮೊಹರ್‌ಗಳ ಮಾತು ಯಾರೂ ಎತ್ತುವುದಿಲ್ಲ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆಂದು ನಾವು ನಂಬಿದ್ದೇವೆ. ಆದರೆ ನೀರು, ಸತ್ವ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ-ಎರಡು ಅಡಿಯಲ್ಲೇ, ಕೊಂಬೆಯ ನೆರಳಿಗಿಂತಲೂ ಆಚೆಗೆ ಹರಡಿರುತ್ತವೆ. ಅವೂ ಉಸಿರಾಡಬೇಕು! ಮೇಲೆ ಮಣ್ಣು ಹೇರಿ ರೋಲರ್ ಓಡಿಸಿದರೆ ಗಾಳಿ ನಿಂತಿತು. ಹೂತುಹೋದ ತೊಗಟೆ ತೇವಕ್ಕೆ ಕೊಳೆಯುತ್ತದೆ. ಮೋಸವೇನೆಂದರೆ ಮರ ಮರುದಿನ ಸಾಯುವುದಿಲ್ಲ. ಎರಡು, ಮೂರು, ಕೆಲವೊಮ್ಮೆ ಐದು ವರ್ಷಗಳ ಬಳಿಕ ಎಲೆ ಸಣ್ಣದಾಗಿ, ತುದಿಕೊಂಬೆ ಒಣಗುತ್ತದೆ. ಮುಂದೊಂದು ಮಳೆಗಾಳಿಗೆ ಯಾರದೋ ತಲೆಯ ಮೇಲೆ ಉರುಳಿದಾಗ ಎಲ್ಲರೂ ದೂರುವುದು ಮಳೆಯನ್ನು.

ಕೊಂಬೆ ಚಾಚಿದಷ್ಟು ಜಾಗ ಬಿಟ್ಟು ಮಣ್ಣು ಹಾಕುವುದೇ ಉತ್ತಮ. ಆಗದಿದ್ದರೆ ಕಾಂಡದಿಂದ ಎರಡು-ಮೂರು ಅಡಿ ದೂರದಲ್ಲಿ ಸುತ್ತ ಕಲ್ಲಿನ ಗೋಡೆ ಕಟ್ಟಿಸಿ. ಒಳಗೆ ಹಳೆಯ ನೆಲ ಹಾಗೇ ಇರಲಿ. ನಮ್ಮೂರ ಅಶ್ವತ್ಥಕಟ್ಟೆಯ ತಿರುಗುಮುರುಗು ಅನ್ನಿ: ಅಲ್ಲಿ ಮಣ್ಣು ಗೋಡೆಯೊಳಗೆ, ಇಲ್ಲಿ ಹೊರಗೆ. ಗೋಡೆಯಾಚೆ ಮೊದಲು ದಪ್ಪ ಜಲ್ಲಿ ಹರಡಿ, ತೂತಿನ ಪೈಪುಗಳನ್ನು ಮಲಗಿಸಿ, ಅದರ ಮೇಲೆ ಸಡಿಲ ಮಣ್ಣು. ಈ ಪೈಪುಗಳಿಂದಲೇ ಬೇರಿಗೆ ಗಾಳಿ, ಬುಡದ ನೀರಿಗೆ ಹೊರದಾರಿ. ಆದರೆ ಗಟಾರ ಅದಕ್ಕಿಂತ ತಗ್ಗಿನಲ್ಲಿರಬೇಕು. ಇಲ್ಲವಾದರೆ ನಮ್ಮ ಜುಲೈ ಮಳೆಗೆ ಅದು ಸೊಳ್ಳೆಯ ತೊಟ್ಟಿ, ಬೇರಿಗೂ ಕೊಳೆತವೇ ಗತಿ. ಅಂಥಲ್ಲಿ ಮರದ ಸುತ್ತ ಎತ್ತರಿಸುವ ಯೋಚನೆಯನ್ನೇ ಬಿಡುವುದು ಲೇಸು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಲು ಮರೆಯದಿರಿ, ಮಕ್ಕಳು ಆಡುವ ಜಾಗ.

ನೆಲ ಅಗೆದು ತಗ್ಗಿಸುವುದು ಇನ್ನೂ ಅಪಾಯ. ಜೆಸಿಬಿ ಹರಿದ ಬೇರಿಗೆ ಹಿಡಿತವಿರದು.

ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದೆಂದರೆ ಕೊಡಲಿ ಏಟಷ್ಟೇ ಅಲ್ಲ, ಯಾವುದೇ ರೀತಿಯ ಹಾನಿಯೂ ಸೇರಿದೆ. ಕೆಲಸ ಹಿಡಿಯುವ ಮುನ್ನ ವಾರ್ಡ್ ಕಚೇರಿಯ ಉದ್ಯಾನ ವಿಭಾಗದವರನ್ನು ಕೇಳಿ. ಈಗಾಗಲೇ ಮಣ್ಣು ತುಂಬಿಯಾಗಿದ್ದರೆ ಬುಡದ ಸುತ್ತಲಿನದನ್ನು ಯಂತ್ರವಿಲ್ಲದೆ, ಕೈಯಿಂದಲೇ ಮೆಲ್ಲಗೆ ಬಿಡಿಸಿ, ಕಾಂಡ ಅಗಲವಾಗಿ ಬೇರಾಗುವ ಜಾಗ ಕಾಣುವವರೆಗೆ.