ಪೇಟಿ ಎಂದರೆ ‘ಇತರೆ’

ಹರಿಹರದ ಒಂದು ಮನೆಯ ಮಹಡಿ ಕೋಣೆಯಲ್ಲಿ ಫ್ಯಾನ್ ಆರಿಸಿ, ಕಿಟಕಿಗೆ ಕೌದಿ ಇಳಿಬಿಟ್ಟಿದ್ದರು. ಲ್ಯಾಪ್‌ಟಾಪ್, ಕೀಬೋರ್ಡ್, ರಿದಂ ಪ್ಯಾಡ್. ಪಕ್ಕದಲ್ಲಿ ನಾನು ದಾವಣಗೆರೆಯಿಂದ ಕಟ್ಟಿಸಿಕೊಂಡು ಹೋಗಿದ್ದ ಮಂಡಕ್ಕಿ, ಮಿರ್ಚಿ. ಮನೆಯ ಯಜಮಾನರು ಜಾತ್ರೆ, ಗಣೇಶೋತ್ಸವದ ರಸಮಂಜರಿಗಳಿಗೆ ಕೀಬೋರ್ಡ್ ನುಡಿಸುವವರು. ಅವರ ತಂದೆ ನಾಟಕ ಕಂಪನಿಯ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸುವವರು. ರಂಗನಟಿ ಚಿಂದೋಡಿ ಲೀಲಾ ಅವರ ಊರಿನ ಸೀಮೆಯಲ್ಲಿ ಆ ಹುದ್ದೆಯ ತೂಕ ಬಿಡಿಸಿ ಹೇಳಬೇಕಿಲ್ಲ. ಅಪ್ಪ ನುಡಿಸಿದ ಒಂದು ರಂಗಗೀತೆ ಸವೆದ ಕ್ಯಾಸೆಟ್ಟಿನಲ್ಲಿ ಉಳಿದಿದೆ. ಅದಕ್ಕೆ ಎಲೆಕ್ಟ್ರಾನಿಕ್ ಲಯ ಕೂಡಿಸುವ ಹುಕಿ ಮಗನದು.

ಹಾಡನ್ನು ಎಐ ತಂತ್ರಾಂಶದ ಬಾಯಿಗಿಟ್ಟರು. ನಾಲ್ಕು ಪಾಲಾಗಿ ಬಂತು: ಗಾಯನ, ಡ್ರಮ್ಸ್, ಬೇಸ್, ಇತರೆ. ತಬಲಾದ ಬಲಗೈ ಡ್ರಮ್ಸ್‌ಗೆ, ಎಡಗೈ ಬೇಸ್‌ಗೆ ಹಂಚಿಹೋಗಿತ್ತು. ಪೇಟಿ?

“ನಮ್ಮಪ್ಪನ್ನ ಇತರೆಗೆ ಹಾಕೈತಿ ನೋಡ್ರಿ ಸರ್!”

ಸರ್ಕಾರಿ ಅರ್ಜಿಯ ಕೊನೆಯ ಕಲಮು ನೆನಪಾಗಿ ಇಬ್ಬರೂ ನಕ್ಕೆವು. ಆದರೆ ನನ್ನನ್ನು ಈಗಲೂ ಕಾಡುತ್ತಿರುವುದು ಆಮೇಲೆ ಕೇಳಿದ್ದು. ‘ಇತರೆ’ಯನ್ನಷ್ಟೇ ಹಚ್ಚಿದರೆ ಪೇಟಿ ಮಧ್ಯೆ ಮಧ್ಯೆ ಮಾಯ! ಗಾಯಕಿ ಸ್ವರ ಹಿಡಿದು ನಿಂತಲ್ಲೆಲ್ಲ ಅದು ಗಾಯನದ ಪಾಲಿಗೆ ಜಾರಿತ್ತು. ಅಲ್ಲಿ ಇಬ್ಬರದೂ ಒಂದೇ ಸ್ವರ. ಅದರ ಉಪಸ್ವರಗಳೂ ಒಂದರ ಮೇಲೊಂದು ಕೂತಿರುತ್ತವೆ. ಯಂತ್ರ ಯಾವುದನ್ನು ಯಾರದೆಂದು ಎಣಿಸೀತು? ನಾಲ್ಕೈದು ಸಲ ಹಿಂದೆ ಸರಿಸಿ ಕೇಳಿದೆ. ಸಾಥ್ ಎಲ್ಲಿ ಚೆನ್ನಾಗಿತ್ತೋ ಅಲ್ಲೇ ಯಂತ್ರ ಸೋತಿತ್ತು. ಇದಕ್ಕಿಂತ ದೊಡ್ಡ ಶಿಫಾರಸು ಪೇಟಿ ಮಾಸ್ತರಿಗೆ ಇನ್ನೇನು ಬೇಕು?

ವಿದ್ಯುತ್ತಿನ ಸಂಗೀತ ನಮಗೆ ಹೊಸದಲ್ಲ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೇ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನ ಡಿಸ್ಕೊ ಲಯಕ್ಕೆ ಕೂರಿಸಿದರು. 2024ರಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕಾಗಿ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐಯಿಂದ ಮರಳಿ ತಂದರು; ಮನೆಯವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದಾಗಿಯೂ ಹೇಳಿದರು. ಒಪ್ಪಿಗೆ ಸರಿ, ಆದರೂ ನನಗೆ ಆ ಹಾಡು ಒಗ್ಗಲಿಲ್ಲ. ನಾಲ್ಕು ಸಾಲು ಬರೆದುಕೊಟ್ಟರೆ ಇಡೀ ಹಾಡು ಹೆರುವ ಆ್ಯಪ್‌ಗಳ ಮಾತಂತೂ ಬೇಡ.

ಹರಿಹರದವರ ದಾರಿ ಬೇರೆ. ಅಪ್ಪನ ಲಯ ಪಲ್ಲವಿಗೆ ಬರುವಾಗ ತುಸು ಹಿಂದೆಳೆಯುತ್ತದೆ. ಅದನ್ನು ಕಂಪ್ಯೂಟರಿನ ಟಿಕ್‌ಟಿಕ್‌ಗೆ ಎಳೆದು ಕೂರಿಸಲಿಲ್ಲ. ಪ್ಯಾಡಿನ ಮೇಲೆ ಬೆರಳಿನಿಂದ ತಟ್ಟುತ್ತ ಟಿಕ್‌ಟಿಕ್ಕನ್ನೇ ಅಪ್ಪನ ಹಿಂದೆ ನಡೆಸಿದರು. ಮಾಯವಾದ ಜಾಗಗಳಿಗೆ ಮೂಲೆಯಲ್ಲಿದ್ದ ಅಪ್ಪನದೇ ಕಾಲ್ಪೇಟಿ ಎಳೆದು, ತಿದಿಯ ತೂತಿಗೆ ಟೇಪು ಸುತ್ತಿ, ತಾವೇ ನುಡಿಸಿದರು. ತಿದಿಯ ಉಸಿರೂ ಮೈಕಿಗೆ ಬಿತ್ತು. ಅಳಿಸಲಿಲ್ಲ.

ಕ್ಯಾಸೆಟ್ಟಿನ ಮೇಲೆ ನಾಟಕದ ಹೆಸರಿತ್ತು, ಗಾಯಕಿಯ ಹೆಸರಿತ್ತು. ಪೇಟಿಯವರದು ಇರಲಿಲ್ಲ. ನಿಮ್ಮ ಅಟ್ಟದಲ್ಲೂ ಅಂಥ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಪೇಟಿ ಯಾರದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.