ಕಾಣೆಯಾದ ಡಿ ಡ್ರೈವಿನ ಬೆನ್ನು ಹತ್ತಿ

"ಡಿ ಡ್ರೈವ್ ಹೋಗೇತ್ರಿ, ಏನರ ಮಾಡ್ರಿ." ಹಳೆಯ ಕಂಪ್ಯೂಟರಿಗೆ ಮತ್ತೆ ವಿಂಡೋಸ್ ಹಾಕಿಸಿದವರು ರಿಪೇರಿ ಅಂಗಡಿಗೆ ಓಡಿಬಂದು ಹೇಳುವ ಮಾತಿದು. ಕೊಪ್ಪಳ ಜಿಲ್ಲೆಯ ನವಲಿಯಂಥ ಊರಿನ ಝೆರಾಕ್ಸ್, ಡಿಟಿಪಿ ಅಂಗಡಿಗೆ ಡಿ ಡ್ರೈವ್ ಎಂದರೆ ವರ್ಷಗಟ್ಟಲೆ ಕೂಡಿಟ್ಟ ಗಂಟು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಲೆಕ್ಕ, ಯಾರೋ ಹಿರಿಯರು ಬರೆಸಿದ ತತ್ವಪದಗಳ ಸಂಗ್ರಹ ಎಲ್ಲವೂ ಅಲ್ಲಿರುತ್ತವೆ. ಅವೆಲ್ಲ ಅಳಿಸಿಹೋದವು ಎಂದು ಕೈಚೆಲ್ಲುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಒಂದಕ್ಷರವೂ ಅಳಿಸಿರುವುದಿಲ್ಲ.

ನವಲಿ ಬಳಿ ತುಂಗಭದ್ರೆಯ ಸಮತೋಲನ ಜಲಾಶಯದ ಪ್ರಸ್ತಾಪ ಬಂದಾಗಿನಿಂದ ಆ ಊರಿನ ಹೆಸರಿನೊಂದಿಗೇ ಸರ್ವೆ, ಪಹಣಿಯ ಮಾತೂ ಬರುತ್ತದೆ. ಹಾರ್ಡ್ ಡಿಸ್ಕಿಗೂ ಅಂಥದೊಂದು ಪಹಣಿ ಇದೆ. ಅದು ಹರಿದುಹೋದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಬೆಳೆಯೂ ಇದ್ದಲ್ಲೇ ಇರುತ್ತದೆ. ಬಾಂದುಕಲ್ಲು ಹುಡುಕಿ ಹದ್ದು ಗುರುತಿಸಿದರೆ ಹೊಸ ಪಹಣಿ ಬರೆಯಬಹುದು. ಡಿ ಡ್ರೈವಿನಂಥ ಡಿಸ್ಕಿನ ಪಾಲನ್ನು, ಅಂದರೆ ಪಾರ್ಟಿಷನ್ನನ್ನು, ಮರಳಿ ಪಡೆಯುವ ಕಸುಬು ಇಷ್ಟೇ.

ಈ ಪಹಣಿ ತೀರ ಚಿಕ್ಕದು. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆ ಬಂದ ವ್ಯವಸ್ಥೆಯಲ್ಲಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳೊಳಗೆ ಪಾರ್ಟಿಷನ್ ಪಟ್ಟಿಗೆ ಸಿಕ್ಕ ಜಾಗ ಬರೀ 64 ಬೈಟ್. ತಲಾ 16 ಬೈಟಿನ ನಾಲ್ಕು ನಮೂದು, ಅಷ್ಟೆ. ನಾಲ್ಕು ಸಾಲದಾದಾಗ 'ಎಕ್ಸ್‌ಟೆಂಡೆಡ್ ಪಾರ್ಟಿಷನ್' ಬಂತು. ಅದರೊಳಗಿನ ಒಂದು ಭಾಗ ಮುಂದಿನ ಭಾಗದ ವಿಳಾಸ ಹೇಳುತ್ತದೆ, ಅದು ಅದರ ಮುಂದಿನದನ್ನು. ಹಳೆಯ ಯಂತ್ರಗಳಲ್ಲಿ ಡಿ, ಇ ಡ್ರೈವ್‌ಗಳು ಸಾಮಾನ್ಯವಾಗಿ ಈ ಸರಪಳಿಯಲ್ಲೇ ಇರುತ್ತವೆ. ಒಂದು ಕೊಂಡಿ ಕಳಚಿದರೆ ಅಲ್ಲಿಂದಾಚೆ ಎಲ್ಲವೂ ಮಾಯ. ಬರೆಯುತ್ತಿರುವಾಗ ಕರೆಂಟು ಹೋದರೂ ಸಾಕು, ವಿಂಡೋಸ್ ಹಾಕುವಾಗ ತಪ್ಪು ಸಾಲು ಅಳಿಸಿದರೂ ಸಾಕು.

ಇನ್ನು ಬಾಂದುಕಲ್ಲು ಹುಡುಕುವ ಕೆಲಸ. ಅದಕ್ಕೆ ಕ್ರಿಸ್ತೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವಿದೆ. ಕಪ್ಪು ಪರದೆ, ಬಿಳಿ ಅಕ್ಷರ, ನೋಡಲು ಚೆಂದವೇನಿಲ್ಲ. ಅದು ಡಿಸ್ಕನ್ನು ಓದುತ್ತ ಹೋಗಿ ಪ್ರತಿ ಪಾರ್ಟಿಷನ್ನಿನ ಆರಂಭದಲ್ಲಿರುವ ಗುರುತನ್ನು ಪತ್ತೆಹಚ್ಚುತ್ತದೆ. ಆ ಗುರುತೇ ಕೆಟ್ಟಿದ್ದರೆ ಅದರ ಪ್ರತಿ ಇನ್ನೊಂದೆಡೆ ಇರುತ್ತದೆ: ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಪಾರ್ಟಿಷನ್ನಿನ ಕೊನೆಯಲ್ಲಿ, ಫ್ಯಾಟ್ 32ರಲ್ಲಿ ಸಾಮಾನ್ಯವಾಗಿ ಆರನೆಯ ಸೆಕ್ಟರಿನಲ್ಲಿ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕಾದರೆ ಮೊದಲ ಪಾರ್ಟಿಷನ್ ಸಾಮಾನ್ಯವಾಗಿ 63ನೇ ಸೆಕ್ಟರಿನಿಂದ, ವಿಸ್ಟಾ ನಂತರದ್ದಾದರೆ 2048ರಿಂದ ಶುರುವಾಗುತ್ತದೆ.

ಜಾಣತನ ಬೇಕಾಗುವುದು ಹೀಗೆ ಪತ್ತೆಯಾದ ಪಾರ್ಟಿಷನ್‌ಗಳ ಪಟ್ಟಿ ಕೈಗೆ ಬಂದ ಮೇಲೆ. ಮೂರ್ನಾಲ್ಕು ಸಲ ಹಂಚಿ, ಅಳಿಸಿ, ಮತ್ತೆ ಹಂಚಿದ ಡಿಸ್ಕಿನಲ್ಲಿ ಎಂದೋ ಬಿಟ್ಟುಹೋದ ಹದ್ದುಗಳೂ ಎದ್ದುಬರುತ್ತವೆ, ಒಂದರ ಮೇಲೊಂದು ಹಾಯುತ್ತವೆ. ಯಾವುದು ನಿಜ? 'ಪಿ' ಕೀಲಿ ಒತ್ತಿ ಒಳಗಿನ ಕಡತಗಳ ಹೆಸರು ಓದಬೇಕು. ಗಿರಾಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಈ ಫೋಲ್ಡರ್ ನಿಮ್ಮದೇನ್ರಿ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ನನ್ನ ಮಟ್ಟಿಗೆ ಈ ಕಸುಬಿನ ಹಿರಿಮೆಯೆಲ್ಲ ಆ ತಡೆದ ಕೈಯಲ್ಲಿದೆ. 'ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?' ಎಂದು ವಿಂಡೋಸ್ ಕೇಳಿದಾಗ ಹೂಂ ಅನ್ನಬಾರದು. ಚೆಕ್‌ಡಿಸ್ಕ್ ಓಡಿಸಬಾರದು. ಸಿಕ್ಕ ಕಡತಗಳನ್ನು ಅದೇ ಡಿಸ್ಕಿಗೆ ಇಳಿಸಲೂಬಾರದು.

ಆದ್ದರಿಂದ ಬಲ್ಲವರು ಮೊದಲು ಇಡೀ ಡಿಸ್ಕಿನ ನಕಲು ತೆಗೆಯುತ್ತಾರೆ. ಹಳೆಯ ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಓಡಿಸಿದರೆ ಆಯಿತು. ಅದು ಸಲೀಸಾಗಿ ಸಿಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಡಿಸ್ಕು ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಅಲ್ಲಿಗೇ ಕರೆಂಟು ತೆಗೆದುಬಿಡಬೇಕು. ಅದು ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯದ ಕೆಲಸ.

ಒಂದು ವಿಷಯದಲ್ಲಿ ಹಳೆಯ ಡಿಸ್ಕು ಹೊಸದಕ್ಕಿಂತ ದಯಾಳು. ಇಂದಿನ ಎಸ್‌ಎಸ್‌ಡಿಯಲ್ಲಿ, ಅಳಿಸಿದ ಜಾಗ ಇನ್ನು ಬೇಡವೆಂದು ತಿಳಿಸುವ ಟ್ರಿಮ್ ಆದೇಶ ಹೋದ ಮೇಲೆ ಅಳಿಸಿದ ಮಾಹಿತಿ ಸಿಗುವ ಆಸೆ ಬಹುತೇಕ ಮುಗಿದಂತೆ. ತಿರುಗುವ ಹಳೆಯ ತಟ್ಟೆಯಲ್ಲಿ ಮೇಲೆ ಬೇರೇನೋ ಬರೆಯುವವರೆಗೂ ಅದು ಹಾಗೇ ಉಳಿದಿರುತ್ತದೆ.

ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. ಪಾರ್ಟಿಷನ್ ಪೂರ್ತಿ ಕೆಟ್ಟಿದ್ದರೆ ಟೆಸ್ಟ್‌ಡಿಸ್ಕಿನ ಜೊತೆಗಾರ ಫೋಟೋರೆಕ್ ಕಡತಗಳನ್ನು ಅವುಗಳ ಒಳಗುರುತಿನಿಂದಲೇ ಹೆಕ್ಕಿಕೊಡುತ್ತದೆ, ಆದರೆ ಮೂಲ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಸಾವಿರಾರು ಕಡತಗಳ ನಡುವೆ 'ನವಲಿ' ಎಂದು ಹುಡುಕಿದರೆ ಒಂದೂ ಸಿಗದೇ ಹೋಗಬಹುದು. ಯೂನಿಕೋಡ್ ಪೂರ್ವದ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡ ಯಂತ್ರದ ಪಾಲಿಗೆ ಕನ್ನಡವೇ ಅಲ್ಲ, ಅದು ಲ್ಯಾಟಿನ್ ಚಿಹ್ನೆಗಳ ಗೋಜಲು. ಹಾಗಾಗಿ ಆ ಕಾಲದ ಫಾಂಟ್ ಹಾಕಿಕೊಂಡು, 'ನವಲಿ'ಯನ್ನು ಅದೇ ಫಾಂಟಿನಲ್ಲಿ ಟೈಪ್ ಮಾಡಿ, ಬಂದ ಗೋಜಲನ್ನೇ ನಕಲಿಸಿ ಹುಡುಕಬೇಕು. ಸಿಕ್ಕಿದ್ದನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ನೆಟ್ಟಗಿವೆಯೇ ಎಂದು ಓದಿ ನೋಡಿ, ಬೇರೆ ಬೇರೆ ಎರಡು ಡಿಸ್ಕುಗಳಲ್ಲಿ ಇಟ್ಟ ಮೇಲೆಯೇ ಹಳೆಯ ಡಿಸ್ಕನ್ನು ಹೊಸ ಕೆಲಸಕ್ಕೆ ಬಿಡಬೇಕು.