ಹಳೆಯ ತಂತ್ರಾಂಶಗಳ ವಿಲೇವಾರಿ

ಕೊಳ್ಳೇಗಾಲದ ಸಗಟು ಮಳಿಗೆಗಳಿಂದ ಹನೂರು, ಯಳಂದೂರುಗಳ ಅಂಗಡಿಗಳಿಗೆ ಸರಕು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಲಿನಕ್ಸ್ ನಡೆಸುವ ಗಣಕಯಂತ್ರಗಳಿಗೆ ತಂತ್ರಾಂಶ ದೊರಕುವ ಬಗೆಯೂ ಹೆಚ್ಚುಕಡಮೆ ಹೀಗೆಯೇ. ಮೂಲ ಭಂಡಾರ ಒಂದು. ಅದರ ಪಡಿಯಚ್ಚುಗಳು ದೇಶದೇಶಗಳಲ್ಲಿ ಹಲವು. ಇವಕ್ಕೆ ಮಿರರ್ ಎಂದು ಹೆಸರು. ಆದರೆ ಒಂದು ಭೇದವುಂಟು. ಸಗಟು ವರ್ತಕರು ಒಂದು ಸರಕನ್ನು ಕೈಬಿಟ್ಟರೂ ಹನೂರಿನ ಅಂಗಡಿಯ ಮೂಲೆಯಲ್ಲಿ ಅದು ಉಳಿದೀತು. ಮಿರರ್ ಹಾಗಲ್ಲ, ಮೂಲದಲ್ಲಿ ಅಳಿಸಿದುದನ್ನು ತಾನೂ ಬೇಗನೆ ಅಳಿಸಿಬಿಡುತ್ತದೆ.

ಅಳಿಸುವುದಾದರೂ ಏತಕ್ಕೆ? ಸ್ಥಳದ ಅಭಾವ ಒಂದು ಕಾರಣ. ಅದಕ್ಕಿಂತ ಮಿಗಿಲಾಗಿ, ದುರಸ್ತಿ ಮಾಡುವವರಿಲ್ಲದ ತಂತ್ರಾಂಶದ ದೋಷಗಳು ಕಳ್ಳರಿಗೆ ಕಿಂಡಿಯಾಗುತ್ತವೆ. ಪೈಥಾನ್ 2ರ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಆದರೂ ಡೆಬಿಯನ್ ಭಂಡಾರದವರು ಅದನ್ನು ಪೂರ್ತಿಯಾಗಿ ಹೊರಗಿಟ್ಟುದು 2023ರ 12ನೆಯ ಆವೃತ್ತಿಯಲ್ಲಿ. ಕಂಬವನ್ನು ಕೀಳುವ ಮುನ್ನ ಅದರ ಮೇಲೆ ನಿಂತ ತೊಲೆಗಳನ್ನು ನೋಡಬೇಕಷ್ಟೆ!

ಇಡೀ ಆವೃತ್ತಿಯನ್ನೇ ತೆಗೆಯುವುದೂ ಉಂಟು. 2017ರಲ್ಲಿ ಹೊರಬಂದ ಡೆಬಿಯನ್ 9 ಅನ್ನು 2023ರಲ್ಲಿ ಮಿರರ್‌ಗಳಿಂದ ತೆಗೆದರು. ಅದನ್ನೇ ನಡೆಸುವ ಹಳೆಯ ಯಂತ್ರವೊಂದು ಈಗ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಮಾದರಿಗಳನ್ನು ಕೇಳಿದರೆ, 'ಇಲ್ಲ' ಎಂಬುದೇ ಉತ್ತರ. ಯಂತ್ರ ಕೆಟ್ಟಿತೆಂದು ಬಡಪಾಯಿ ವಿದ್ಯಾರ್ಥಿ ಹೌಹಾರುತ್ತಾನೆ. ಕೆಟ್ಟಿಲ್ಲ, ವಿಳಾಸ ಬದಲಾಗಿದೆ. ತೆಗೆದ ಆವೃತ್ತಿಗಳನ್ನು ಡೆಬಿಯನ್‌ನವರು ಸುಡುವುದಿಲ್ಲ, ಪ್ರತ್ಯೇಕವಾದ ಪತ್ರಾಗಾರದಲ್ಲಿ ಇಡುತ್ತಾರೆ. ಯಂತ್ರದ ಪಟ್ಟಿಯಲ್ಲಿ ಆ ವಿಳಾಸವನ್ನು ಬರೆದರೆ ಅಕ್ಷರಗಳು ಮರಳಿ ದೊರಕುತ್ತವೆ. ದೋಷಗಳ ದುರಸ್ತಿ ಮಾತ್ರ ಅಲ್ಲಿಂದ ಬಾರದು. ಅಂಥ ಯಂತ್ರವನ್ನು ಅಂತರಜಾಲಕ್ಕೆ ತೆರೆದಿಡದಿರುವುದೇ ಲೇಸು.